ಬಾಯ್ಲರ್ ಕೋಣೆಯ ಶರೀರಶಾಸ್ತ್ರ

ಮೊಮ್ಮಗಳು ಊಟದ ಮೇಜಿನ ಮೇಲೆ ಪುಸ್ತಕ ಹರವಿಕೊಂಡು, ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು, ಒಂದೇ ಸಾಲನ್ನು ಹತ್ತನೆಯ ಸಲ ಓದುತ್ತಿದ್ದಳು. "ದೇಹದ ಒಳಗಿನ ಪರಿಸರವನ್ನು ಒಂದು ಮಿತಿಯೊಳಗೆ ಕಾಯ್ದುಕೊಳ್ಳುವ ಕ್ರಿಯೆಗೆ ಹೋಮಿಯೋಸ್ಟಾಸಿಸ್ ಎನ್ನುತ್ತಾರೆ." ಅವಳು ನರ್ಸಿಂಗ್ ಮೊದಲ ವರ್ಷಕ್ಕೆ ಸೇರಿ ಇನ್ನೂ ಮೂರು ವಾರವಾಗಿತ್ತು ಅಷ್ಟೆ.

ಪಾತ್ರೆ ಒರೆಸುತ್ತಿದ್ದ ಅಜ್ಜಿಗೆ ಆ ಪದ ಕಿವಿಗೆ ಬಿದ್ದದ್ದೇ ತಡ, ನಗು ತಡೆಯಲಾಗಲಿಲ್ಲ.

"ಯಾಕಜ್ಜಿ ನಗ್ತೀಯ? ಇಲ್ಲಿ ನನ್ನ ಜೀವ ಹೋಗ್ತಿದೆ."

"ನಿನ್ನ ನೋಡಿ ನಗ್ಲಿಲ್ಲ ಕಣೆ. ನಿಮ್ಮ ತಾತ ಈ ಪದ ಮೊದಲ್ನೇ ಸಲ ಓದಿದಾಗ, 'ಇದು ಆ ಬಿಳಿ ಗುಳಿಗೆ ಕೊಡೋ ಹೋಮಿಯೋಪತಿ ತಾನೆ? ಅದನ್ನ ಯಾಕೆ ನಿಮಗೆ ಹೇಳ್ಕೊಡ್ತಾರೆ?' ಅಂದಿದ್ರು."

"ತಾತ ಯಾಕೆ ಫಿಸಿಯಾಲಜಿ ಓದಿದ್ರು? ತಾತ ಬಾಯ್ಲರ್ ನೋಡ್ಕೊಳ್ತಿದ್ರಲ್ವಾ?"

ಅಜ್ಜಿ ಕೈ ಒರೆಸಿಕೊಂಡು ಬಂದು ಎದುರಿನ ಕುರ್ಚಿಯಲ್ಲಿ ಕುಳಿತಳು. ಪುಸ್ತಕವನ್ನು ತನ್ನ ಕಡೆ ತಿರುಗಿಸಿ, ಕನ್ನಡಕ ಸರಿಮಾಡಿಕೊಂಡು ನೋಡಿದಳು. ಅಣು, ಅಯಾನು, ಆಮ್ಲ, ಕ್ಷಾರ. ಕಾಗದ ನುಣುಪಾಗಿತ್ತು, ಚಿತ್ರಗಳಿಗೆಲ್ಲ ಬಣ್ಣ ಬಂದಿತ್ತು. ಪಾಠ ಮಾತ್ರ ಅದೇ.

ನರ್ಸಿಂಗ್ ಶಾಲೆಗೆ ಸೇರಿದಾಗ ಅಜ್ಜಿಗೆ ಮೂವತ್ನಾಲ್ಕು ವರ್ಷ. ಅದಕ್ಕೆ ಮುಂಚೆ ಹನ್ನೆರಡು ವರ್ಷ ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದಿದ್ದಳು. ಆಪರೇಷನ್ ಕೋಣೆಯ ಹಸಿರು ಬಟ್ಟೆ, ವಾರ್ಡಿನ ಹೊದಿಕೆ, ಡಾಕ್ಟರುಗಳ ಬಿಳಿ ಕೋಟು, ಎಲ್ಲ ಅವಳ ಕೈ ದಾಟಿಯೇ ಹೋಗಬೇಕಿತ್ತು. ಮದುವೆಯಾದದ್ದೂ ಅದೇ ಲಾಂಡ್ರಿಯಿಂದ. ಇಸ್ತ್ರಿ ಯಂತ್ರಕ್ಕೆ ಹಬೆ ಸಾಲುತ್ತಿಲ್ಲವೆಂದು ಬಾಯ್ಲರ್ ಕೋಣೆಗೆ ಜಗಳಕ್ಕೆ ಹೋಗಿದ್ದಳು. ಅಲ್ಲಿದ್ದವನು ಒಂದು ಮಾತೂ ಎದುರಾಡದೆ ವಾಲ್ವ್ ತಿರುಗಿಸಿ, "ಈಗ ನೋಡಿ, ಸಾಕಾ?" ಎಂದಿದ್ದ. ಜಗಳಕ್ಕೆ ಹೋದವಳಿಗೆ ಜಗಳವೇ ಸಿಗಲಿಲ್ಲ. ಮರುವಾರವೂ ಹಬೆ ಸಾಲಲಿಲ್ಲ, ಅದರ ಮರುವಾರವೂ ಸಾಲಲಿಲ್ಲ. ಎಂಟು ತಿಂಗಳಲ್ಲಿ ಮದುವೆ ಆಯಿತು.

ಸಿಬ್ಬಂದಿಯಲ್ಲಿ ಓದಿದವರು ಮೂರು ವರ್ಷದ ನರ್ಸಿಂಗ್ ತರಬೇತಿಗೆ ಅರ್ಜಿ ಹಾಕಬಹುದು ಎಂಬ ನೋಟಿಸು ಬಂದಾಗ ಅದನ್ನು ಬೋರ್ಡಿನಿಂದ ಬಿಚ್ಚಿಕೊಂಡೇ ಮನೆಗೆ ತಂದವನು ಗಂಡ. "ನಂಗೆ ವಯಸ್ಸಾಯ್ತು ರೀ" ಅಂದಳು. "ಮೂರು ವರ್ಷ ಆದ್ಮೇಲೂ ಆಗುತ್ತೆ. ಓದಿದ್ರೂ ಆಗುತ್ತೆ, ಓದದೆ ಇದ್ರೂ ಆಗುತ್ತೆ" ಅಂದ. ಅವನ ಮಾತು ಯಾವಾಗಲೂ ಅಷ್ಟೇ ಉದ್ದ.

ತರಗತಿಯಲ್ಲಿದ್ದವರೆಲ್ಲ ಹದಿನೆಂಟು ಹತ್ತೊಂಬತ್ತರ ಹುಡುಗಿಯರು. ಮೊದಲ ದಿನವೇ ಅವಳಿಗೆ 'ಲಾಂಡ್ರಿ ಅಕ್ಕ' ಎಂದು ಹೆಸರಿಟ್ಟರು. ಅದರಲ್ಲಿ ಕುಹಕವಿರಲಿಲ್ಲ, ಅವಳಿಗೂ ಬೇಸರವಾಗಲಿಲ್ಲ. ಬೇಸರವಾದದ್ದು ರಸಾಯನಶಾಸ್ತ್ರದ ಪಾಠದಿಂದ. ಪಾಠ ಮಾಡುತ್ತಿದ್ದ ಟೀಚರಿಗೆ ಇಪ್ಪತ್ತಾರೇ ವಯಸ್ಸು, ಅವಳಿಗಿಂತ ಎಂಟು ವರ್ಷ ಚಿಕ್ಕವರು. ತೆಳ್ಳಗೆ, ಚುರುಕಾಗಿ, ಬೋರ್ಡಿನ ಈ ತುದಿಯಿಂದ ಆ ತುದಿಗೆ ಬರೆದುಕೊಂಡೇ ಹೋಗುತ್ತಿದ್ದರು. ಹೈಡ್ರೋಜನ್ ಅಯಾನು, ಪಿಎಚ್, ಬಫರ್. ಒಂದೊಂದು ಪದವೂ ಅವಳಿಗೆ ಕಬ್ಬಿಣದ ಕಡಲೆ. ಹುಡುಗಿಯರು ಬರಬರ ಬರೆದುಕೊಳ್ಳುವಾಗ ಅವಳು ಬೋರ್ಡನ್ನು ಕಣ್ಣು ಕಣ್ಣು ಬಿಟ್ಟು ನೋಡುತ್ತಿದ್ದಳು.

ಎರಡನೆಯ ವಾರ ಟೀಚರು ಕೇಳಿದರು, "ಕ್ಷಾರ ಅಂದ್ರೆ ಏನು, ಯಾರಾದ್ರೂ ಕೈಯಲ್ಲಿ ಮುಟ್ಟಿ ನೋಡಿದ್ದೀರಾ?"

ಹುಡುಗಿಯರು ಪುಸ್ತಕದ ಪುಟ ತಿರುವಿದರು. ಪುಸ್ತಕದಲ್ಲಿ ಮುಟ್ಟುವ ಮಾತು ಬರೆದಿರಲಿಲ್ಲ.

ಹಿಂದಿನ ಬೆಂಚಿನಿಂದ ಅವಳು ಅಳುಕುತ್ತ ಕೇಳಿದಳು, "ಮೇಡಂ, ವಾಷಿಂಗ್ ಸೋಡಾ ಕ್ಷಾರಾನಾ? ನೀರಿಗೆ ಜಾಸ್ತಿ ಹಾಕಿದ್ರೆ ಬೆರಳು ಜಾರುತ್ತೆ. ಎಷ್ಟು ತೊಳೆದ್ರೂ ಜಾರ್ತಾನೇ ಇರುತ್ತೆ. ಸಂಜೆ ಹೊತ್ತಿಗೆ ಚರ್ಮ ಸುಲಿದು ಬರುತ್ತೆ."

ಟೀಚರು ಸೀಮೆಸುಣ್ಣ ಕೆಳಗಿಟ್ಟರು. "ಯಾಕೆ ಜಾರುತ್ತೆ ಗೊತ್ತಾ?"

"ಗೊತ್ತಿಲ್ಲ ಮೇಡಂ. ಹನ್ನೆರಡು ವರ್ಷದಿಂದ ಜಾರ್ತಾ ಇದೆ."

ತರಗತಿಯೆಲ್ಲ ನಕ್ಕಿತು. ಟೀಚರು ನಗಲಿಲ್ಲ. "ನಿಮ್ಮ ಚರ್ಮದಲ್ಲಿರೋ ಎಣ್ಣೆ ಜೊತೆ ಕ್ಷಾರ ಸೇರಿ ಅಲ್ಲೇ ಸೋಪಾಗುತ್ತೆ. ಇಷ್ಟು ವರ್ಷ ನೀವು ನಿಮ್ಮ ಬೆರಳಿನದೇ ಸೋಪು ಮಾಡ್ತಾ ಇದ್ರಿ."

ಅವಳು ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಟೀಚರು ಅವಳನ್ನು ಬಿಡಲಿಲ್ಲ. ತುಕ್ಕಿನ ಕಲೆಗೆ ಏನು ಹಾಕ್ತೀರಿ? ನಿಂಬೆಹುಳಿ. ಹುಳಿ ಯಾಕೆ? ಬ್ಲೀಚನ್ನೂ ಆಮ್ಲವನ್ನೂ ಯಾಕೆ ಸೇರಿಸಬಾರದು? ಸೇರಿಸಿದರೆ ಕಣ್ಣು ಉರಿಯುವ ಗಾಳಿ ಏಳುತ್ತೆ ಮೇಡಂ, ಒಂದ್ಸಲ ಒಬ್ಬಳು ತಲೆ ತಿರುಗಿ ಬಿದ್ದಿದ್ದಳು. ಆ ದಿನ ಮಧ್ಯಾಹ್ನ ಟೀಚರೇ ಲಾಂಡ್ರಿಗೆ ಬಂದು ತೊಟ್ಟಿಗಳನ್ನು ನೋಡಿಕೊಂಡು ಹೋದರು. ತಾನು ಇದನ್ನೆಲ್ಲ ಪುಸ್ತಕದಲ್ಲಿ ಓದಿದ್ದೇ ಹೊರತು ಒಂದು ದಿನವೂ ಬಟ್ಟೆ ಒಗೆದವಳಲ್ಲ ಎಂದು ಒಪ್ಪಿಕೊಂಡರು.

ಆದರೂ ಹೋಮಿಯೋಸ್ಟಾಸಿಸ್ ಮಾತ್ರ ತಲೆಯ ಮೇಲೇ ಹಾದುಹೋಗುತ್ತಿತ್ತು. ತೊಟ್ಟಿಯಲ್ಲಿ ಅದು ಸಿಗಲಿಲ್ಲ.

ಗಂಡನಿಗೆ ಸಂಜೆ ಪಾಳಿಯಿದ್ದಾಗ ಅವಳು ಊಟದ ಡಬ್ಬಿ ಹಿಡಿದು ಮಗಳ ಜೊತೆ ಬಾಯ್ಲರ್ ಕೋಣೆಗೆ ಹೋಗುತ್ತಿದ್ದಳು. ಮಗಳಿಗೆ ಆಗ ಹತ್ತು ವರ್ಷ, ಅವಳು ಮೂಲೆಯ ಸ್ಟೂಲಿನ ಮೇಲೆ ತನ್ನ ಪಾಠ ಓದಿಕೊಳ್ಳುವಳು. ಕೋಣೆಯಲ್ಲಿ ಎಣ್ಣೆಯ ವಾಸನೆ, ಬಿಸಿ ಕಬ್ಬಿಣದ ವಾಸನೆ. ಎಷ್ಟು ಚಳಿಯಿದ್ದರೂ ಅಲ್ಲಿ ಬೆಚ್ಚಗಿರುತ್ತಿತ್ತು. ಗಂಡ ತುತ್ತು ಬಾಯಿಗಿಟ್ಟುಕೊಂಡು, ಎಡಗೈಯಲ್ಲಿ ಅವಳ ನೋಟ್ಸ್ ಹಿಡಿದು ಪ್ರಶ್ನೆ ಕೇಳುತ್ತಿದ್ದ. ಆ ಹೋಮಿಯೋಪತಿಯ ಮಾತು ಬಂದದ್ದು ಅಲ್ಲೇ.

"ಅದಲ್ಲ ರೀ. ದೇಹ ತನ್ನನ್ನ ತಾನೇ ಒಂದು ಹದದಲ್ಲಿ ಇಟ್ಕೊಳ್ಳೋದಂತೆ. ಬಾಯಿಪಾಠ ಆಗಿದೆ, ತಲೆಗೆ ಹೋಗ್ತಿಲ್ಲ."

ಗಂಡ ಅಗಿಯುವುದನ್ನು ನಿಲ್ಲಿಸಿದ. "ಅಂದ್ರೆ ಇದರ ಹಾಗೆ" ಎಂದು ಗದ್ದ ಎತ್ತಿ ಬಾಯ್ಲರ್ ತೋರಿಸಿದ. "ಅಲ್ನೋಡು, ಆ ಗೇಜು. ಮುಳ್ಳು ಇಷ್ಟರಿಂದ ಇಷ್ಟರೊಳಗೆ ಇರ್ಬೇಕು. ಒತ್ತಡ ಇಳಿದ್ರೆ ಬರ್ನರ್ ಹತ್ಕೊಳುತ್ತೆ. ಏರಿದ್ರೆ ತಾನಾಗೇ ಆರುತ್ತೆ. ನೀರು ಕಮ್ಮಿ ಆದ್ರೆ ಫ್ಲೋಟ್ ಕೆಳಗಿಳಿದು ಪಂಪು ಶುರುವಾಗುತ್ತೆ. ಒಂದು ಗಳಿಗೆ ಸುಮ್ಮನೆ ಕೂರಲ್ಲ ಇದು. ಹೊರಗಿಂದ ನೋಡಿದವರು ಏನೂ ಆಗ್ತಿಲ್ಲ ಅನ್ಕೋತಾರೆ."

ಅವಳು ನೋಟ್ಸ್ ಕಿತ್ತುಕೊಂಡು ನೋಡಿದಳು. ಅಳೆಯುವುದು ಒಂದು, ಹೋಲಿಸಿ ನೋಡುವುದು ಒಂದು, ಸರಿಪಡಿಸುವುದು ಒಂದು. ಬದಲಾವಣೆ ಯಾವ ಕಡೆಗೋ ಅದಕ್ಕೆ ವಿರುದ್ಧವಾಗಿ ತಳ್ಳುವುದು. ಸೆಕೆಗೆ ಬೆವರು, ಚಳಿಗೆ ನಡುಕ, ಉಪ್ಪು ಹೆಚ್ಚಾದರೆ ಬಾಯಾರಿಕೆ. ಅಷ್ಟು ದಿನ ಬಾಗಿಲು ಹಾಕಿಕೊಂಡಿದ್ದ ಅಧ್ಯಾಯ ಒಂದೇ ಸಲಕ್ಕೆ ತೆರೆದುಕೊಂಡಿತು.

"ಹಾಗಾದ್ರೆ ಸ್ಥಿರವಾಗಿರೋದು ಅಂದ್ರೆ ಸುಮ್ಮನೆ ನಿಂತಿರೋದಲ್ಲ" ಅಂದಳು.

"ಸುಮ್ಮನೆ ನಿಂತ್ರೆ ಬಾಯ್ಲರ್ ತಣ್ಣಗಾಗಿದೆ ಅಂತ ಅರ್ಥ" ಅಂದ ಗಂಡ, ಮತ್ತೆ ಊಟಕ್ಕೆ ಕೈ ಹಾಕಿದ.

ಇಷ್ಟು ಕಲಿತವಳು ಪರೀಕ್ಷೆಯಲ್ಲಿ ಎದ್ದು ಕಾಣಬೇಕಿತ್ತು. ಆದದ್ದೇ ಬೇರೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬರು ಪರೀಕ್ಷಕರು ಬಂದಿದ್ದರು. ಅವಳು ಒಳಗೆ ಕಾಲಿಟ್ಟಾಗಲೇ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅವರು ಕೇಳಿದ್ದು ಸುಲಭದ ಪ್ರಶ್ನೆ: "ರಕ್ತದ ಪಿಎಚ್ ಎಷ್ಟು?"

ಏಳು ಪಾಯಿಂಟ್ ನಾಲ್ಕು. ಅವಳಿಗೆ ನಿದ್ದೆಯಲ್ಲೂ ಗೊತ್ತಿತ್ತು. ನಾಲಿಗೆ ಮಾತ್ರ ಏಳಲಿಲ್ಲ. ಉಸಿರು ಬಿರುಸಾಯಿತು. ಗಾಳಿ ಸಾಲುತ್ತಿಲ್ಲ ಅನ್ನಿಸಿ ಇನ್ನೂ ಬೇಗ ಬೇಗ ಉಸಿರೆಳೆದಳು. ತುಟಿಯ ಸುತ್ತ ಜುಮುಜುಮು ಅಂದಿತು. ನೋಡನೋಡುತ್ತಿದ್ದಂತೆ ಎರಡೂ ಕೈಯ ಬೆರಳುಗಳು ತಾವಾಗಿಯೇ ಒಂದಕ್ಕೊಂದು ಸೇರಿ, ಬಿಗಿದು, ಮಣಿಕಟ್ಟಿನಿಂದ ಒಳಕ್ಕೆ ಬಾಗಿಕೊಂಡವು. ಬಿಡಿಸಲು ನೋಡಿದರೆ ಬಿಡಿಸಲಾಗುತ್ತಿಲ್ಲ. ಲಕ್ವ ಹೊಡೆಯಿತು, ಇನ್ನು ಮಗಳ ಗತಿಯೇನು ಎಂದು ಅವಳ ಜೀವ ಬಾಯಿಗೆ ಬಂತು.

ಪರೀಕ್ಷಕರು ಗಾಬರಿಯಿಂದ ಎದ್ದೇ ನಿಂತರು. ಪಕ್ಕದಲ್ಲಿದ್ದ ಟೀಚರು ಓಡಿಬಂದು ನೆಲದ ಮೇಲೆ ಅವಳೆದುರು ಕುಳಿತು, ಬಿಗಿದ ಆ ಎರಡು ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು.

"ಅಕ್ಕಾ, ನನ್ನ ಮುಖ ನೋಡಿ. ಏನೂ ಆಗಿಲ್ಲ. ನಾನು ಎಣಿಸ್ತೀನಿ, ನಿಧಾನಕ್ಕೆ ಬಿಡಿ. ಒಂದು, ಎರಡು, ಮೂರು, ನಾಲ್ಕು, ಐದು. ಇನ್ನೂ ಬಿಡಿ. ಈಗ ಎಳ್ಕೊಳ್ಳಿ, ಸ್ವಲ್ಪ ಸಾಕು."

ಅದುವರೆಗೂ ಟೀಚರು ಅವಳನ್ನು ಅಕ್ಕ ಎಂದು ಕರೆದಿರಲಿಲ್ಲ. ಹತ್ತು ನಿಮಿಷದಲ್ಲಿ ಬೆರಳು ಒಂದೊಂದಾಗಿ ಸಡಿಲವಾದವು. ಅವಳು ಅಳುತ್ತಿದ್ದಳು.

"ಈಗ ಏನಾಯ್ತು ಹೇಳ್ಲಾ? ಬೇಗ ಬೇಗ ಉಸಿರಾಡಿ ಇಂಗಾಲದ ಡೈಆಕ್ಸೈಡನ್ನೆಲ್ಲ ಹೊರಗೆ ಹಾಕಿಬಿಟ್ರಿ. ಅದು ಹೋದ್ರೆ ರಕ್ತದಲ್ಲಿ ಆಮ್ಲ ಕಮ್ಮಿ ಆಗುತ್ತೆ, ರಕ್ತ ಕ್ಷಾರದ ಕಡೆ ವಾಲುತ್ತೆ. ಆಗ ರಕ್ತದಲ್ಲಿ ಬಿಡಿಯಾಗಿ ಓಡಾಡೋ ಕ್ಯಾಲ್ಸಿಯಂ ಪ್ರೋಟೀನಿಗೆ ಅಂಟ್ಕೊಳುತ್ತೆ. ಕ್ಯಾಲ್ಸಿಯಂ ಸಾಲದೆ ನರಗಳು ರೇಗ್ತವೆ, ಬೆರಳು ಬಿಗಿಯುತ್ತೆ. ಉಸಿರು ಹದಕ್ಕೆ ಬಂತು, ಎಲ್ಲ ಸರಿಹೋಯ್ತು. ಅವರು ಪಿಎಚ್ ಕೇಳಿದ್ರು, ನೀವು ಮಾಡೇ ತೋರಿಸಿದ್ರಿ."

ಮಾಡಿ ತೋರಿಸಿದ್ದಕ್ಕೆ ಅಂಕ ಸಿಗುವುದಿಲ್ಲವಲ್ಲ. ಅವಳು ಫೇಲಾದಳು. ಯಾರೋ ಸುದ್ದಿ ಮುಟ್ಟಿಸಿದ್ದರಿಂದ ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಓಡಿಬಂದ ಗಂಡ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದ. ಅವಳು ಅಳು ನುಂಗಿಕೊಂಡು, "ಫೇಲಂತೆ" ಅಂದಳು.

"ಕೈ ಬಿಡ್ತಾ?"

"ಬಿಡ್ತು."

"ಮತ್ತೆ? ಆರು ತಿಂಗಳಿಗೆ ಸಪ್ಲಿಮೆಂಟರಿ ಇದೆ. ಬಾ, ಚಹಾ ಕುಡಿಯೋಣ."

ಆರು ತಿಂಗಳು ಬಿಟ್ಟು ಪಾಸಾದಳು. ಅಲ್ಲಿಂದ ಅರವತ್ತು ತುಂಬುವವರೆಗೂ ಅದೇ ಆಸ್ಪತ್ರೆಯಲ್ಲಿ ನರ್ಸು. ನಿವೃತ್ತಿಯ ದಿನದ ಸಮಾರಂಭಕ್ಕೆ ಆ ಟೀಚರೂ ಬಂದಿದ್ದರು. ಕೂದಲು ಅರ್ಧ ಬೆಳ್ಳಗಾಗಿತ್ತು. ಚಹಾದ ಲೋಟ ಹಿಡಿದು ಪಕ್ಕಕ್ಕೆ ಕರೆದು ಹೇಳಿದರು, "ಅಕ್ಕಾ, ಇವತ್ತಾದ್ರೂ ಹೇಳ್ಬಿಡ್ತೀನಿ. ಅವತ್ತು ನಿಮ್ಮ ಕೈ ನೋಡಿ ನನ್ನ ಕೈಕಾಲೇ ತಣ್ಣಗಾಗಿತ್ತು. ಅಂಥದ್ದನ್ನ ನಾನು ಪುಸ್ತಕದಲ್ಲಿ ಓದಿದ್ದೆ ಅಷ್ಟೇ, ಕಣ್ಣಲ್ಲಿ ನೋಡಿದ್ದು ಅದೇ ಮೊದಲು. ಎಣಿಸ್ತಾ ಇದ್ದದ್ದು ನಿಮಗಲ್ಲ, ನನಗೇ." ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಇದಿಷ್ಟನ್ನೂ ಅಜ್ಜಿ ಮೊಮ್ಮಗಳಿಗೆ ಹೇಳಿದಳು. ಹೇಳದೆ ಉಳಿಸಿಕೊಂಡದ್ದೂ ಒಂದಿತ್ತು.

ಆರು ವರ್ಷದ ಹಿಂದೆ ಗಂಡನ ಮೂತ್ರಪಿಂಡಗಳು ಸೋತವು. ಅಂದು ಬೆಳಿಗ್ಗೆ ಲ್ಯಾಬಿನಿಂದ ಬಂದ ಚೀಟಿಯನ್ನು ಡಾಕ್ಟರಿಗಿಂತ ಮುಂಚೆ ಓದಿದವಳು ಅವಳೇ. ಪೊಟ್ಯಾಸಿಯಂ ಏರಿತ್ತು, ಆಮ್ಲವನ್ನು ತಡೆಯುವ ಬೈಕಾರ್ಬೊನೇಟ್ ನೆಲ ಕಚ್ಚಿತ್ತು, ರಕ್ತ ಆಮ್ಲದ ಕಡೆಗೆ ಜಾರುತ್ತಿತ್ತು. ಅದನ್ನು ತಡೆಯಲೆಂದೇ ಅವನ ಉಸಿರು ಆಳವಾಗಿ, ಒಂದೇ ಸಮನೆ ಓಡುತ್ತಿತ್ತು. ಸೋತ ದೇಹವೂ ತನ್ನ ಕೈಲಾದದ್ದನ್ನು ಮಾಡುತ್ತಲೇ ಇತ್ತು. ಬಾಯ್ಲರ್ ಪಕ್ಕ ಕೂತು ಅವನೇ ಉರುಹೊಡೆಸಿದ್ದ ಸಂಖ್ಯೆಗಳು ಅವು. ಒಂದೊಂದರ ಅರ್ಥವೂ ಅವಳಿಗೆ ಗೊತ್ತಿತ್ತು, ಗೊತ್ತಿರದಿದ್ದರೇ ಚೆನ್ನಾಗಿತ್ತು ಅನ್ನಿಸಿದ್ದು ಆಗಲೇ.

ಅವನು ಕಣ್ಣು ತೆರೆದು ಚೀಟಿ ನೋಡಿದ. "ಏನಂತೆ? ಪಾಸಾ, ಫೇಲಾ?"

"ಸಪ್ಲಿಮೆಂಟರಿ ಇದೆಯಂತೆ" ಅಂದಳು.

ಅವನು ನಕ್ಕ. ಸುಳ್ಳು ಎಂದು ಗೊತ್ತಿದ್ದೂ ನಕ್ಕ. ಅವಳ ಕೈಯನ್ನು ಎಳೆದು ತನ್ನ ಎದೆಯ ಮೇಲಿಟ್ಟುಕೊಂಡ. ಡಯಾಲಿಸಿಸ್ ಮಾಡಿದರು, ಹನ್ನೊಂದು ದಿನ ಸಿಕ್ಕಿತು. ಆ ಹನ್ನೊಂದೂ ದಿನ ಅವಳು ಮನೆಗೆ ಹೋಗಲಿಲ್ಲ.

"ಅಜ್ಜೀ, ಎಲ್ಲಿಗೆ ಹೋಗ್ಬಿಟ್ಟೆ?"

"ಇಲ್ಲೇ ಇದ್ದೀನಿ. ಏನು ಕೇಳ್ದೆ?"

"ಬಫರ್ ಅಂದ್ರೆ ಏನು ಅಂತ. ತಾತನ ಬಾಯ್ಲರ್ ಅರ್ಥ ಆಯ್ತು, ಇದು ಆಗ್ಲಿಲ್ಲ."

ಅಜ್ಜಿ ಎದ್ದು ಎರಡು ಗಾಜಿನ ಲೋಟ ತಂದಳು. ಎರಡಕ್ಕೂ ನೀರು ಹಾಕಿ, ಒಂದಕ್ಕೆ ಮಾತ್ರ ಅಡುಗೆಸೋಡಾ ಬೆರೆಸಿದಳು. ಎರಡಕ್ಕೂ ಐದೈದು ಹನಿ ನಿಂಬೆರಸ ಹಿಂಡಿ, ಒಂದೊಂದು ಚಮಚ ರುಚಿ ನೋಡೆಂದಳು. ಮೊಮ್ಮಗಳು ಮೊದಲನೆಯದಕ್ಕೆ ಮುಖ ಹುಳ್ಳಗೆ ಮಾಡಿದಳು. ಸೋಡಾ ಬೆರೆಸಿದ ಎರಡನೆಯದರಲ್ಲಿ ಹುಳಿಯೇ ಇರಲಿಲ್ಲ.

"ಹನಿ ಎರಡಕ್ಕೂ ಅಷ್ಟೇ ಬಿದ್ದಿದ್ದು. ಇದು ನುಂಗ್ಕೊಂಡ್ತು, ಅದಕ್ಕೆ ಆಗ್ಲಿಲ್ಲ. ನಿನ್ನ ರಕ್ತದಲ್ಲಿ ಇಂಥ ಸೋಡಾನೇ ಕರಗಿದೆ, ಜೊತೆಗೆ ಇನ್ನೂ ಬೇರೆಯವೂ ಇವೆ. ಹುಳಿ ಬಂದ್ರೆ ನುಂಗ್ಕೊಳುತ್ತೆ, ಕ್ಷಾರ ಬಂದ್ರೆ ಅದನ್ನೂ ತಡೆಯುತ್ತೆ. ಹಾಗಂತ ನುಂಗೋದಕ್ಕೂ ಒಂದು ಮಿತಿ ಇರುತ್ತೆ. ಅದಕ್ಕೇ ಉಳಿದದ್ದನ್ನ ಶ್ವಾಸಕೋಶ, ಮೂತ್ರಪಿಂಡ ಹೊರಗೆ ಹಾಕ್ಬೇಕು."

ಮೊಮ್ಮಗಳು ಬರೆದುಕೊಂಡಳು. ಶನಿವಾರದ ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹದಿನೇಳು ಬಂತು. ಮೂರು ಅಂಕ ಎಲ್ಲಿ ಹೋಯಿತು ಎಂದು ಅಜ್ಜಿ ಉತ್ತರಪತ್ರಿಕೆಯನ್ನು ಎರಡು ಸಲ ತಿರುವಿ ನೋಡಿ, ಅಯಾನುಗಳ ಗುರುತು ತಪ್ಪಿದ್ದಕ್ಕೆ ಸಣ್ಣಗೆ ಗದರಿದಳು.

ಈಗ ಅವರಿಬ್ಬರೂ ದಿನಾ ಸಂಜೆ ಒಂದು ಗಂಟೆ ಒಟ್ಟಿಗೆ ಕೂರುತ್ತಾರೆ. ಎರಡನೆಯ ಅಧ್ಯಾಯ ಜೀವಕೋಶದ್ದು. ಅದರಲ್ಲಿ ಅಜ್ಜಿಯ ಕಾಲದಲ್ಲಿ ಇಲ್ಲದ ಎಷ್ಟೋ ಸಂಗತಿಗಳು ಬಂದು ಸೇರಿವೆ. ಆ ಪುಟ ಬಂದಾಗ ಓದುವವಳು ಮೊಮ್ಮಗಳು, ಪೆನ್ನು ಹಿಡಿದು ಬರೆದುಕೊಳ್ಳುವವಳು ಅಜ್ಜಿ.