ಒಬ್ಬೊಬ್ಬರಾಗಿ ಬರುವ ರೌಡಿಗಳು

ಅಮೆರಿಕದ ಐಸೆಲಿನ್‌ನಲ್ಲಿ ಶಂಕರನಾರಾಯಣ ಅವರ ಗ್ಯಾರೇಜಿನಿಂದ ಕಾರುಗಳನ್ನು ಹೊರಗೆ ತಂದು ನಿಲ್ಲಿಸಿ, ಒಳಗೆ ಹಳೆಯ ಯೋಗಾ ಮ್ಯಾಟುಗಳನ್ನು ಹಾಸಿದ್ದರು. ಗೋಡೆಗೆ ಇಳಿಬಿಟ್ಟ ಕೆಂಪು ಸೀರೆಯೇ ಚೀನಾದ ಮಠ. ಕನ್ನಡ ಕೂಟದ ಯುಗಾದಿಗೆ ಕುಂಗ್‌ಫೂ ಕಿರುಚಿತ್ರ. ವಿಜಿಯ ಫೋನೇ ಕ್ಯಾಮೆರಾ. ನಾಯಕ ಬಾಲು.

"ಈ ಡಬ್ಬಾ ಪಿಕ್ಚರ್‌ಗಳಲ್ಲಿ ಅದೇನ್ ನೋಡ್ತೀಯೋ? ತುಟಿ ಒಂದ್ ಕಡೆ, ಮಾತು ಒಂದ್ ಕಡೆ," ಎಂದು ಮುಕುಂದ್ ಬಾಲುವನ್ನು ಛೇಡಿಸಿದ. ರೌಡಿಗಳ ಮುಖಂಡನ ಪಾತ್ರ ಅವನದು.

"ರೌಡಿಗಳ ಮರ್ಯಾದೆ ನೋಡ್ತೀನಿ ಗುರೂ. ಸುತ್ತಲೂ ನಿಂತಿರ್ತಾರೆ, ಆದ್ರೆ ಒಬ್ಬೊಬ್ರೇ ಬರ್ತಾರೆ. ಉಳಿದೋರು ಸರದಿ ಕಾಯ್ತಾರೆ. ಅಂಥಾ ನ್ಯಾಯ ಬೇರೆಲ್ಲಿದೆ ಹೇಳು?" ಎಂದ ಬಾಲು.

ಎಲ್ಲರೂ ನಕ್ಕರು. ಬಾಲು ನಗಲಿಲ್ಲ. ಚಳ್ಳಕೆರೆಯ ಟಾಕೀಸಿನಲ್ಲಿ ಅವನಪ್ಪ ಕಸ ಗುಡಿಸುತ್ತಿದ್ದ. ಮಗ ನೆಲದ ಮೇಲೆ ಕೂತು ಪರದೆಗೆ ಕತ್ತೆತ್ತಿರುತ್ತಿದ್ದ. ಆ ಅಗ್ಗದ ಚಿತ್ರಗಳಲ್ಲಿ ಶಿಷ್ಯ ಗುರುವಿನ ಅಂಗಳ ಗುಡಿಸುತ್ತಾನೆ, ನೀರು ಹೊರುತ್ತಾನೆ, ಕೊನೆಗೆ ಗುರು ವಿದ್ಯೆ ಕೊಡುತ್ತಾನೆ. ಅಪ್ಪ ಬದುಕಿಡೀ ಗುಡಿಸಿದ. ಅವನಿಗೆ ಕೊಟ್ಟದ್ದು ಇನ್ನೊಂದು ಪೊರಕೆ. ಆದರೂ ಆ ಸುಳ್ಳಿನ ಮೋಹ ಬಾಲುವನ್ನು ಬಿಡಲಿಲ್ಲ. ಬಡವನ ಕಾಲು ಯಜಮಾನನ ಎದೆಗೆ ಬೀಳುವ ಸದ್ದು ಶಾಲೆಯ ಯಾವ ಪಾಠದಲ್ಲೂ ಇರಲಿಲ್ಲ.

ಗೋಡೆಗೊರಗಿ ಶೂಟಿಂಗ್ ನೋಡುತ್ತಿದ್ದ ಶಂಕರನಾರಾಯಣ ಅವನ ಆಫೀಸಿನ ಡೈರೆಕ್ಟರ್. ಸೋಮವಾರ ಅವರು ಬಾಲುವಿನ ಗ್ರೀನ್ ಕಾರ್ಡ್ ಅರ್ಜಿಗೆ ಒಪ್ಪಿಗೆ ಕೊಡಬೇಕು. ಕೊಡದಿದ್ದರೆ ವೀಸಾ ಮುಗಿಯುತ್ತದೆ, ದೇಶ ಬಿಡಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು "ಶಭಾಷ್" ಎಂದು ಬೆನ್ನು ತಟ್ಟಿದ್ದರು. ತಟ್ಟಿದ ಬೆರಳು ಎಡಭುಜದ ಬಳಿ ನಿಂತು, ಅಂಗಿಯಡಿ ಏನನ್ನೋ ಸವರಿ, ಸಮಾಧಾನಗೊಂಡಿತ್ತು. ಅಂದಿನಿಂದ ಅವನು "ನಮ್ಮ ಹುಡುಗ". ಆ ಬೆರಳಿಗೆ ಸಿಕ್ಕಿದ್ದು ಬನಿಯನ್ನಿನ ಅಂಚು ಎಂದು ಬಾಲುವಿಗೆ ಗೊತ್ತಿತ್ತು. ಜುಲೈ ಸೆಕೆಯಲ್ಲೂ ಅವನು ಬನಿಯನ್ ಬಿಟ್ಟಿರಲಿಲ್ಲ.

"ಕ್ಲೈಮ್ಯಾಕ್ಸ್! ಎಲ್ಲಾ ಶರ್ಟ್ ತೆಗೀರಪ್ಪಾ," ಎಂದ ವಿಜಿ. "ಬಾಲು, ಬನಿಯನ್ನೂ ತೆಗಿ ಮಾರಾಯ. ತರಕಾರಿ ತರೋಕೆ ಹೊರಟಂಗಿದೆ."

ಬಾಲು ತಡೆದ. ಆಮೇಲೆ ಕತ್ತಿನಿಂದೆತ್ತಿ ಎಳೆದು ಹಾಕಿದ.

ನಗು ನಿಂತಿತು. ಉಳಿದವರ ಮೈಮೇಲೆ ಎಡದಿಂದ ಬಲಕ್ಕೆ ಇಳಿದ ಬಿಳಿ ಎಳೆ. ಬಾಲುವಿನ ಎದೆಯ ಮೇಲೆ ಬರೀ ಬೆವರು.

"ಜನಿವಾರ ಎಲ್ಲಪ್ಪಾ?" ಶಂಕರನಾರಾಯಣರ ದನಿ ಮೆತ್ತಗಿತ್ತು.

"ಶೂಟಿಂಗಿಗೆ ಅಂತ ತೆಗೆದಿಟ್ಟಿರ್ಬೇಕು ಅಂಕಲ್," ವಿಜಿ ಅವಸರದಲ್ಲಿ ನಡುವೆ ಬಂದ. "ಅಲ್ವೇನೋ?"

ಹೌದು ಎಂದರೆ ಸಾಕಿತ್ತು. ಸೋಮವಾರವೂ ಉಳಿಯುತ್ತಿತ್ತು, ಈ ದೇಶವೂ ಉಳಿಯುತ್ತಿತ್ತು. ಬಾಲು ಶಂಕರನಾರಾಯಣರ ಕಡೆ ತಿರುಗಿದ.

"ಇಲ್ಲ ಸರ್. ಅದು ಯಾವತ್ತೂ ಇರ್ಲಿಲ್ಲ. ಅವತ್ತು ನಿಮ್ಮ ಕೈಗೆ ಸಿಕ್ಕಿದ್ದು ಬನಿಯನ್. ನಾವು ಮಾದಿಗರು."

ಮುಕುಂದ್ ತನ್ನ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒರೆಸಿಕೊಂಡದ್ದು ಅವನಿಗೇ ತಿಳಿಯಲಿಲ್ಲವೇನೋ.

"ಅಯ್ಯೋ, ಇಲ್ಲಿ ಅದೆಲ್ಲ ಯಾರು ನೋಡ್ತಾರೆ," ಎಂದು ಶಂಕರನಾರಾಯಣ ನಕ್ಕರು. "ಸೋಮವಾರ ಮಾತಾಡೋಣ." ನಗುತ್ತಲೇ ಗೋಡೆಯ ಗುಂಡಿ ಒತ್ತಿದರು. ಗ್ಯಾರೇಜಿನ ಬಾಗಿಲು ಗರಗರ ಎಂದು ಇಳಿಯತೊಡಗಿತು. "ನೈಬರ್ಸ್ ನೋಡಿದ್ರೆ ಪೊಲೀಸ್ ಕರೀತಾರೆ."

ಮಧ್ಯಾಹ್ನದ ಬಿಸಿಲು ಮೊಣಕಾಲಿಗಿಳಿಯಿತು, ಪಾದಕ್ಕಿಳಿಯಿತು, ಹೋಯಿತು.

"ಒಂದು ಚೇಂಜು," ಎಂದರು ಅವರು. "ಈ ಒಬ್ಬೊಬ್ರೇ ಬರೋದು ನ್ಯಾಚುರಲ್ ಅನ್ಸಲ್ಲ. ಈ ಸಲ ಎಲ್ಲಾ ಒಟ್ಟಿಗೆ ಹೋಗಿ."

ವಿಜಿ ಬಾಲುವಿನ ಮುಖ ನೋಡಿದ. ಶಂಕರನಾರಾಯಣರ ಮುಖ ನೋಡಿದ. ಎತ್ತಿ ಹಿಡಿದಿದ್ದ ಫೋನನ್ನು ಮೆಲ್ಲಗೆ ಜೇಬಿಗಿಳಿಸಿದ.

ಬಾಲು ಬನಿಯನ್ನಿಗೆ ಕೈ ಚಾಚಲಿಲ್ಲ. ಚಳ್ಳಕೆರೆಯ ಪರದೆಯ ಮೇಲೆ ಕಂಡಂತೆ ಕಾಲು ಅಗಲಿಸಿ, ಮುಷ್ಟಿ ಬಿಗಿದು ನಿಂತ.

ಯಾರೂ ಸರದಿ ಕಾಯಲಿಲ್ಲ.