ಕೆಳಗಿನ ಕೋಣೆ

ಮನೆ ಕೊಳ್ಳುವವರು ಏನೇನೋ ನೋಡಬೇಕಂತೆ. ನಾವೂ ನೋಡಿದೆವು. ತೇವ ಇದೆಯೇನೋ ಎಂದು ಗೋಡೆ ಗೋಡೆಯನ್ನೂ ತಡವಿದೆವು, ಪತ್ರ ಸರಿಯಿದೆಯಾ ಎಂದು ವಕೀಲರ ತಲೆ ತಿಂದೆವು, ಎಲ್ಲ ನಲ್ಲಿಗಳನ್ನೂ ತಿರುಗಿಸಿದೆವು. ನನ್ನ ಗಂಡನ ಬಾಯಿಯೊಂದರ ಮೇಲೆ ನಿಗಾ ಇಡಲಿಲ್ಲ.

ಇವರು ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್‌ಮನ್. ಕೊಂಡ ವಾರಕ್ಕೇ ಅಟ್ಟೆ ಕಿತ್ತುಬಂತು ಎಂದು ಗಿರಾಕಿ ಕೂಗಾಡಿದರೆ "ನೋಡ್ಕೊಳ್ತೀವಿ ಬಿಡಿ ಮೇಡಂ" ಅನ್ನುವುದೇ ಕೆಲಸ. ವರ್ಷಗಟ್ಟಲೆ ಅಂದೂ ಅಂದೂ ಆ ಮಾತು ಕೆಮ್ಮಿನ ಹಾಗೆ ತಾನಾಗಿಯೇ ಬರುತ್ತದೆ.

ನನಗೆ ಬೇಕಾಗಿದ್ದದ್ದು ಕೆಳಗಡೆ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಬಚ್ಚಲು. ಅಮ್ಮನ ಮಂಡಿ ಸವೆದುಹೋಗಿದೆ. ಬಾಡಿಗೆ ಮನೆಯ ಮೆಟ್ಟಿಲನ್ನು ಅವಳು ಕೂತು ಕೂತು ಇಳಿಯುತ್ತಿದ್ದಳು. ಈ ಮನೆಯ ಹಿಂದಿನ ಕೋಣೆ ಕಂಡಾಗ ಅಲ್ಲೇ ಅತ್ತುಬಿಟ್ಟೆ.

ಅಲ್ಲಿ ಮಂಚದ ಮೇಲೆ ವಯಸ್ಸಾದವರೊಬ್ಬರು ಗೋಡೆ ಕಡೆ ತಿರುಗಿ ಮಲಗಿದ್ದರು. ಮನೆ ಮಾರುತ್ತಿದ್ದ ಟೀಚರಮ್ಮ ದನಿ ತಗ್ಗಿಸಿ, "ನಮ್ಮಣ್ಣ. ಎದ್ದು ಓಡಾಡಲ್ಲ. ಸ್ವಲ್ಪ ನೋಡ್ಕೊಳ್ಳಿ" ಅಂದರು. ಎಚ್ಚರವಾದೀತು, ನೋಡಿಕೊಂಡು ನಡೆಯಿರಿ ಅನ್ನುತ್ತಿದ್ದಾರೆಂದು ನಾನು ತುದಿಗಾಲಲ್ಲಿ ಹೊರಗೆ ಬಂದೆ. ಇವರು ತಮ್ಮ ಅಂಗಡಿಯ ದನಿಯಲ್ಲಿ, "ನೋಡ್ಕೊಳ್ತೀವಿ ಬಿಡಿ ಮೇಡಂ" ಅಂದರು. ಆಕೆಯ ಕಣ್ಣು ತುಂಬಿಕೊಂಡಿತು. ಮನೆ ಬಿಡುವ ಸಂಕಟವಿರಬೇಕು ಅಂದುಕೊಂಡೆವು. ಎಂಥ ಪೆದ್ದರು ನಾವು!

ಸಾಮಾನಿನ ಲಾರಿ ಜೊತೆ ಬಂದಾಗ ಬೀಗದ ಕೈ ಪಕ್ಕದ ಮನೆಯಲ್ಲಿತ್ತು. ಬಾಗಿಲು ತೆಗೆದರೆ ಮನೆಯೆಲ್ಲ ಖಾಲಿ, ಹಿಂದಿನ ಕೋಣೆಯಲ್ಲಿ ಮಾತ್ರ ಅದೇ ಮಂಚ, ಅದೇ ಅಣ್ಣ.

"ಬಂದ್ರಾ? ಒಂಚೂರು ಟೀ ಕೊಡಿ ತಾಯಿ, ಸಕ್ಕರೆ ಬೇಡ" ಅಂದರು.

ಟೀಚರಮ್ಮನಿಗೆ ಫೋನ್ ಮಾಡಿದರೆ ಆಕೆ ನನಗಿಂತ ಹೆಚ್ಚು ಗಾಬರಿಯಾದರು. "ನೋಡ್ಕೊಳ್ತೀವಿ ಅಂದ್ರಲ್ರೀ ನಿಮ್ಮೆಜಮಾನ್ರು! ಅದಕ್ಕೇ ಅಲ್ವಾ ಬೇರೆಯವರನ್ನ ಬಿಟ್ಟು ನಿಮಗೆ ಕೊಟ್ಟಿದ್ದು? ಮಗಳ ಮನೇಲಿ ನನಗೇ ಜಾಗ ಇಲ್ಲ." ಆಮೇಲೆ ಫೋನ್ ಎತ್ತಲಿಲ್ಲ.

ಅಮ್ಮನ ಹಾಸಿಗೆಯನ್ನು ಹಾಲಿನ ಮೂಲೆಯಲ್ಲಿ ಹಾಕಿದೆವು. ಕೆಳಗಿದ್ದ ಒಂದೇ ಬಚ್ಚಲು ಆ ಕೋಣೆಯ ಒಳಗಿತ್ತು. ಪರಗಂಡಸು ಮಲಗಿರುವಲ್ಲಿ ಹಾದುಹೋಗಲು ನಾಚಿ ಅಮ್ಮ ನೀರು ಕುಡಿಯುವುದನ್ನೇ ಬಿಟ್ಟಳು. ತುಟಿ ಒಡೆದುಹೋಯಿತು. ನನಗೆ ಮೈಯೆಲ್ಲ ಉರಿಯಿತು. ಇವರನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ.

"ಇಲ್ಲಿ ಇಟ್ಕೊಳ್ಳೋಕೆ ನನ್ನ ಕೈಲಾಗಲ್ಲ. ವಯಸ್ಸಾದವರಿಗೆ ಅಂತ ಆಶ್ರಮ ಇದೆಯಲ್ಲ, ಕಳಿಸಿಬಿಡೋಣ. ನಾಳೆನೇ."

"ಪಾಪ ಕಣೇ, ಈ ವಯಸ್ಸಲ್ಲಿ..."

"ಪಾಪ ಅನ್ನಿಸಿದ್ರೆ ನೀವೇ ಎತ್ತಿ ಕೂರಿಸಿ, ನೀವೇ ಬಳೀರಿ! ನನಗೆ ಸಾಕಾಗಿದೆ."

ಇವರು ಪೆಚ್ಚುಮೋರೆ ಹಾಕಿಕೊಂಡು ಹಾಲಿಗೆ ಹೋಗಿ ಆಶ್ರಮದ ವ್ಯಾನಿಗೆ ಫೋನ್ ಮಾಡಿದರು.

ಬೆಳಿಗ್ಗೆ ನಾನು ಟೀ ಹಿಡಿದು ಬಂದಾಗ ಅಮ್ಮ ತಲೆ ಬಾಚಿಕೊಂಡು, ಸ್ವೆಟರ್ ಹಾಕಿಕೊಂಡು, ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು. ಕಾಲ ಬಳಿ ಅವಳ ಬ್ಯಾಗಿತ್ತು.

"ಎಲ್ಲಿಗಮ್ಮಾ?"

"ವ್ಯಾನ್ ಬರುತ್ತಲ್ಲ. ವಯಸ್ಸಾದವರೊಬ್ಬರನ್ನ ಕಳಿಸ್ತೀವಿ ಅಂತ ಅಳಿಯಂದ್ರು ಫೋನಲ್ಲಿ ಹೇಳ್ತಿದ್ರು."

ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಟೀ ಲೋಟ ನೆಲಕ್ಕಿಟ್ಟು ಅವಳ ಮುಂದೆ ಕುಕ್ಕರಿಸಿದೆ.

"ಅಯ್ಯೋ, ನಿನ್ನ ವಿಷಯ ಅಲ್ಲಮ್ಮಾ! ಆ ಕೋಣೆಯವರದ್ದು! ನಿನಗೋಸ್ಕರಾನೇ ಅವರನ್ನ ಕಳಿಸ್ತಿರೋದು!"

ಅಮ್ಮ ನನ್ನ ಮುಖವನ್ನೇ ನೋಡಿದಳು. ನಂಬಲಿಲ್ಲವೋ, ನಂಬಿದ್ದರಿಂದಲೇ ಹಾಗೆ ನೋಡಿದಳೋ, ನನಗೆ ತಿಳಿಯಲಿಲ್ಲ.

"ಅವರಿರಲಿ ಬಿಡೇ" ಅಂದಳು. "ಅವರಿಗಾದ್ರೆ ಮಾತು ಕೊಟ್ಟಿದೀರಿ. ನನಗೆ ಯಾರೂ ಕೊಟ್ಟಿಲ್ಲವಲ್ಲ."

ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು. ಅಮ್ಮ ಕುರ್ಚಿಯ ಕೈ ಹಿಡಿದುಕೊಂಡು ಮೆಲ್ಲಗೆ ಏಳತೊಡಗಿದಳು.