ಸಂಪಿಗೆ ಮರದ ಕೆಳಗಿನ ಸಕ್ಕರೆ

ವೆಂಕಟರಾಮಪ್ಪನವರು ತಮ್ಮ ಬಿಳಿ ಕಾರಿನ ಬಾನೆಟ್ಟಿನ ಮೇಲೆ ತೋರುಬೆರಳನ್ನು ಒತ್ತಿ ಎತ್ತಿದರು. ಬೆರಳು ಸಲೀಸಾಗಿ ಬರಲಿಲ್ಲ. ಅದನ್ನು ಸಂಘಮಿತ್ರಳ ಮುಖದ ಮುಂದೆ ಹಿಡಿದರು.

"ನೋಡಮ್ಮ ಮೇಡಂ, ಬೆಲ್ಲದ ಪಾಕ ಇದ್ದಂಗೈತೆ. ಮೊನ್ನೆ ತಾನೆ ವಾಟರ್ ಸರ್ವೀಸ್ ಮಾಡ್ಸಿದ್ದು."

"ನೆರಳಿಗೆ ಅಂತ ನೀವೇ ತಂದು ಈ ಸಂಪಿಗೆ ಮರದ ಕೆಳಗೆ ನಿಲ್ಲಿಸ್ತೀರಲ್ಲ ಸಾರ್."

"ನೆರಳು ಬೇಕು, ಅಂಟು ಬೇಡ. ಲೇಔಟ್ ಸಂಘದಲ್ಲಿ ತೀರ್ಮಾನ ಆಗೋಗಿದೆ ಕಣಮ್ಮ. ಯುಗಾದಿವರೆಗೂ ಟೈಮು. ಅಷ್ಟರೊಳಗೆ ಅಂಟು ನಿಂತ್ರೆ ಸರಿ, ಇಲ್ಲಾಂದ್ರೆ ಪರ್ಮಿಷನ್ ನಾನೇ ತರ್ತೀನಿ, ಕಡಿಸಿಬಿಡಣ. ಆ ಜಾಗಕ್ಕೆ ಪಾಮ್ ಗಿಡ ಇಟ್ರೆ ಶೋ ಆಗಿರ್ತದೆ."

"ಔಷಧಿ ಹೊಡೆಸಿ ನೋಡಣ."

ವೆಂಕಟರಾಮಪ್ಪನವರು ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದವರು ಅಲ್ಲಿಗೇ ನಿಲ್ಲಿಸಿದರು. "ಔಷಧೀನಾ? ಹಿಂದುಗಡೇನೇ ನಮ್ಮ ಹಿಪ್ಪುನೇರಳೆ ತೋಟ ಇರೋದು. ಗಾಳಿಗೆ ಒಂದು ತೊಟ್ಟು ಹಾರಿ ಸೊಪ್ಪಿನ ಮೇಲೆ ಬಿದ್ರೆ ರೇಷ್ಮೆಹುಳ ಎಲ್ಲ ಮಕಾಡೆ. ಬೇವಿನೆಣ್ಣೆ ಗೀವಿನೆಣ್ಣೆ ಅಂತಾನೂ ಬರಬೇಡ. ಆ ವಾಸ್ನೆ ತಗುಲಿದ್ರೆ ಹುಳ ಸೊಪ್ಪನ್ನ ಮೂಸೂ ನೋಡಲ್ಲ."

ಅಂಟು ಬೀಳಬಾರದು, ಔಷಧಿಯನ್ನೂ ಹೊಡೆಯಬಾರದು. ಇಷ್ಟು ಹೇಳಿ ಅವರು ಕಾರು ತಿರುಗಿಸಿಕೊಂಡು ಹೋದರು. ಸಂಘಮಿತ್ರ ಶಿಡ್ಲಘಟ್ಟದ ಬಸ್ಸಿಗೆ ಓಡಿದಳು. ಅಲ್ಲಿನ ಪಿಯು ಕಾಲೇಜೊಂದರಲ್ಲಿ ಅವಳು ಜೀವಶಾಸ್ತ್ರ ಹೇಳಿಕೊಡುತ್ತಿದ್ದಳು.

ಚಿಂತಾಮಣಿಯಿಂದ ಕೆಂಚಾರ್ಲಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ, ವೆಂಕಟರಾಮಪ್ಪನವರ ಹೊಲದ ಅರ್ಧ ಭಾಗ ಸೈಟುಗಳಾಗಿ ಹುಟ್ಟಿದ ಬಡಾವಣೆ ಅದು. ರಸ್ತೆಯುದ್ದಕ್ಕೂ ಅಲಂಕಾರಕ್ಕೆಂದು ನೆಟ್ಟ ಗಿಡಗಳಲ್ಲಿ ಹೆಚ್ಚಿನವು ಸತ್ತವು. ಬದುಕಿದವುಗಳಲ್ಲಿ ಚೆನ್ನಾಗಿ ಬೆಳೆದದ್ದು ಸಂಘಮಿತ್ರಳ ಮನೆಯ ಗೇಟಿನೆದುರಿನ ಸಂಪಿಗೆ. ಆ ಬಡಾವಣೆಯಲ್ಲಿ ಅವರದೊಂದೇ ಬೌದ್ಧರ ಮನೆ. ಬೌದ್ಧರಾಗುವ ಮೊದಲು ಏನಾಗಿದ್ದಿರಿ ಎಂದು ಯಾರೂ ಕೇಳಿರಲಿಲ್ಲ. ಕೇಳಬೇಕಾದ ಅಗತ್ಯವೂ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಗೃಹಪ್ರವೇಶಕ್ಕೆ ಕರೆದಾಗ ಎಲ್ಲರೂ ಬಂದರು, ಗೋಡೆ ಮುಟ್ಟಿ ನೋಡಿ ಟೈಲ್ಸ್ ಚೆನ್ನಾಗಿವೆ ಎಂದರು, ಊಟದ ಹೊತ್ತಿಗೆ ಎಲ್ಲರಿಗೂ ಬೇರೆ ಕಡೆ ಕೆಲಸ ಬಂತು.

ಆದರೆ ಸಂಪಿಗೆ ಹೂ ಬಿಡತೊಡಗಿದ ಮೇಲೆ ಹೆಂಗಸರು ಬರತೊಡಗಿದರು. ಸಂಜೆ ಹೊತ್ತು ಒಬ್ಬರ ಹಿಂದೊಬ್ಬರು ಬಂದು ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂರುವರು. ಸಂಘಮಿತ್ರಳ ತಾಯಿ ಪೆದ್ದಮ್ಮ ದೋಟಿಯಿಂದ ಹೂ ಇಳಿಸಿ ಹಂಚುವಳು. ಅವಳು ಕೊಟ್ಟ ಹೂ ಅವರ ದೇವರ ಮನೆಗೆ ಹೋಗುತ್ತಿತ್ತು. ಅವಳು ಕೊಡಲು ಹೋದ ನೀರನ್ನು ಮಾತ್ರ, "ಈಗ ತಾನೆ ಕುಡಿದು ಬಂದೆ ಕಣಮ್ಮ," ಎಂದು ಯಾರೂ ಮುಟ್ಟುತ್ತಿರಲಿಲ್ಲ. ಪೆದ್ದಮ್ಮನಿಗೆ ಅದೂ ಗೊತ್ತಿತ್ತು. ಆದರೂ ನಾಲ್ಕು ಗಂಟೆಯಾದರೆ ತಲೆ ಬಾಚಿಕೊಂಡು ಗೇಟಿನ ಕಡೆ ನೋಡುತ್ತಿದ್ದಳು. ಮರ ಹೋದರೆ ಈ ಗೇಟಿನ ಹತ್ತಿರ ನಿಲ್ಲಲು ಇನ್ನೊಬ್ಬರಿಗೆ ಕಾರಣವಿರುವುದಿಲ್ಲ ಎಂಬುದನ್ನು ತಾಯಿ ಮಗಳಿಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಸಂಜೆ ಸಂಘಮಿತ್ರ ಒಂದು ಟೊಂಗೆ ಬಗ್ಗಿಸಿ ನೋಡಿದಳು. ಕಡ್ಡಿಯ ತುಂಬ ಕಂದು ಬಣ್ಣದ ಗುಬುಟುಗಳು ಹತ್ತಿಕೊಂಡಿದ್ದವು, ತೊಗಟೆಯೇ ಉಬ್ಬಿದಂತೆ. ಉಗುರಿನಿಂದ ಮೀಟಿದರೆ ಚಿಪ್ಪು ಕಳಚಿ ಬೆರಳು ತೇವವಾಯಿತು. ಶಲ್ಕ ಕೀಟ. ಪಾಠದಲ್ಲಿ ಎರಡು ಸಾಲು ಇತ್ತು, ಅವಳು ಅದನ್ನು ಓದಿಸಿ ಮುಂದೆ ಹೋಗುತ್ತಿದ್ದಳು. ಚಿಪ್ಪಿನೊಳಗೆ ಕೂತು ಅಲ್ಲಾಡದೆ ಮರದ ರಸ ಹೀರುವ ಹುಳ. ಹೀರಿದ್ದು ಹೆಚ್ಚಾಗಿ ಸಿಹಿ ಹನಿಯಾಗಿ ಕೆಳಗೆ ಬೀಳುತ್ತದೆ. ಹನಿ ಬಿದ್ದ ಎಲೆಯ ಮೇಲೆ ಮಸಿಯಂಥ ಬೂಷ್ಟು ಬೆಳೆಯುತ್ತದೆ. ಸಂಪಿಗೆಯ ಎಲೆಗಳೆಲ್ಲ ಒಲೆಯ ಮೇಲೆ ನೇತು ಹಾಕಿದಂತೆ ಕಪ್ಪಾಗಿದ್ದವು.

ಭಾನುವಾರ ತಾಯಿ ಮಗಳು ಕೆಲಸಕ್ಕಿಳಿದರು. ತೀರಾ ಹತ್ತಿದ್ದ ಕೊಂಬೆಗಳನ್ನು ಕೊಯ್ದು ಸುಟ್ಟರು. ಬಟ್ಟೆ ಸೋಪನ್ನು ತುರಿದು ಬಕೆಟ್ಟಿನಲ್ಲಿ ಕರಗಿಸಿ, ಏಣಿ ಹಾಕಿಕೊಂಡು, ತೆಂಗಿನ ನಾರಿನಿಂದ ಕೊಂಬೆ ಕೊಂಬೆಯನ್ನೂ ಉಜ್ಜಿದರು. ವೆಂಕಟರಾಮಪ್ಪನವರ ಹೆಂಡತಿ ಚಿಕ್ಕವೆಂಕಟಮ್ಮ ಎದುರುಗಡೆ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದರು.

"ಏಮ್ಮಾ ಪೆದ್ದಮ್ಮ, ಮರಕ್ಕೆ ಬಾಣಂತಿ ಸ್ನಾನಾನಾ?"

"ಹೂಂ ಕಣಕ್ಕ, ಸಾಂಬ್ರಾಣಿ ತಗೊಂಡ್ ಬಾ," ಎಂದಳು ಪೆದ್ದಮ್ಮ ಏಣಿಯ ಮೇಲಿನಿಂದ.

ಮೈಕೈ ನೋವು ಇಳಿಯುವಷ್ಟರಲ್ಲಿ ಹನಿಯೂ ಇಳಿಯಿತು. ಕಾರು ಕೆಲವು ದಿನ ಹೊಳೆಯಿತು. ಆಮೇಲೆ ಮತ್ತೆ ಶುರುವಾಯಿತು. ಚಿಪ್ಪಿನಡಿಯಲ್ಲಿದ್ದ ಮೊಟ್ಟೆಗಳು ಒಡೆದು, ಕಣ್ಣಿಗೆ ಕಾಣದಂಥ ಮರಿಗಳು ಹೊಸ ಚಿಗುರಿಗೆ ಹತ್ತಿದ್ದವು. ಸಂಘಮಿತ್ರ ಮತ್ತೆ ತೊಳೆದಳು. ಈ ಸಲ ಅವಳ ಕಣ್ಣಿಗೆ ಬಿದ್ದದ್ದು ಇರುವೆ. ಕರಿ ಇರುವೆಗಳ ಸಾಲೊಂದು ಬುಡದಿಂದ ಹತ್ತಿ, ಹುಳಗಳ ನಡುವೆ ಓಡಾಡುತ್ತಿತ್ತು. ಒಂದು ಗುಲಗಂಜಿ ಹುಳ, ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆ ಇಟ್ಟುಕೊಂಡದ್ದು, ಕೊಂಬೆಯ ಮೇಲೆ ಇಳಿಯಿತು. ಶಲ್ಕ ಕೀಟವನ್ನು ತಿನ್ನುವುದೇ ಅದರ ಕಸುಬು. ಇರುವೆಗಳು ಅದರ ಕಾಲು ಹಿಡಿದು ಎಳೆದಾಡಿ ಓಡಿಸಿದವು. ಸಿಹಿ ಹನಿ ಕೊಡುವ ಹುಳವನ್ನು ಅವು ಹಟ್ಟಿಯ ಹಸುವಿನಂತೆ ಕಾಯುತ್ತಿದ್ದವು.

ಸಾಲು ಎಲ್ಲಿಂದ ಹೊರಡುತ್ತದೆಂದು ಬಗ್ಗಿ ನೋಡಿದರೆ, ಬುಡದ ಪಕ್ಕದಲ್ಲಿ ಬಾಳೆಲೆ ಚೂರಿನ ಮೇಲೆ ಸಕ್ಕರೆ.

"ಅಮ್ಮಾ, ಇದೇನು?"

ಪೆದ್ದಮ್ಮ ಸೆರಗಿನ ತುದಿ ಹಿಡಿದುಕೊಂಡಳು. "ಇರುವೆಗೆ ಕಣೇ."

"ಯಾಕೆ?"

"ಪಾಪ, ತಿನ್ಲಿ ಅಂತ."

"ಅಮ್ಮಾ."

ಬಾಯಿ ಬಿಡಿಸುವುದಕ್ಕೆ ಹೊತ್ತು ಹಿಡಿಯಿತು. ಗೌರಿಬಿದನೂರಿನಲ್ಲಿ ಕೆಲಸದಲ್ಲಿದ್ದ ಸಂಘಮಿತ್ರಳ ಅಣ್ಣ ಸಿದ್ಧಾರ್ಥ್ ಹಿಂದಿನ ವರ್ಷ ಅಲೀಪುರದ ಹತ್ತಿರ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಮಗನಿಗೆ ಶನಿ ಹಿಡಿದಿದೆ, ಇರುವೆಗೆ ದಿನಾ ಸಕ್ಕರೆ, ಶನಿವಾರ ರವೆ ಸೇರಿಸಿ ಹಾಕು ಎಂದು ಚಿಕ್ಕವೆಂಕಟಮ್ಮ ಹೇಳಿಕೊಟ್ಟಿದ್ದರು. ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ಮನೆಯಿಂದ ಎಣ್ಣೆ ದೀಪ, ಯಂತ್ರ, ತಾಯತಗಳನ್ನೆಲ್ಲ ಮೂಟೆ ಕಟ್ಟಿ ಸಾಗಿಸಿದ್ದವನೇ ಸಿದ್ಧಾರ್ಥ್. ಆದ್ದರಿಂದ ಮನೆಯೊಳಗೆ ಏನೂ ಮಾಡುವಂತಿರಲಿಲ್ಲ. ಮರ ಗೇಟಿನ ಹೊರಗಿತ್ತು.

"ಕಾಲು ಸರಿಹೋಯ್ತಲ್ಲ," ಎಂದಳು ಪೆದ್ದಮ್ಮ.

"ರಾಡ್ ಹಾಕಿದ್ದಕ್ಕೆ ಸರಿಹೋಯ್ತು. ನಾಳೆಯಿಂದ ಒಂದು ಕಾಳು ಸಕ್ಕರೆ ಹಾಕಬೇಡ. ನೀನು ಸಾಕ್ತಿರೋ ಇರುವೇನೇ ಮರ ತಿನ್ನಿಸ್ತಾ ಇರೋದು."

"ನಿಮ್ಮಣ್ಣನಿಗೆ ಹೇಳಬೇಡ ಕಣೇ."

"ಹಾಕಲ್ಲ ಅಂದ್ರೆ ಹೇಳಲ್ಲ."

ಪೆದ್ದಮ್ಮ ಮಾತಿಗೆ ತಪ್ಪಲಿಲ್ಲ. ಸಕ್ಕರೆ ನಿಂತಿತು. ವಾರ ಕಳೆಯುವುದರೊಳಗೆ ಬುಡದಿಂದ ಮೇಲಕ್ಕೆ ಒಂದು ಸಾಲಿದ್ದದ್ದು ಮೂರಾಯಿತು. ಹನಿ ಎಷ್ಟು ಬಿದ್ದಿತೆಂದರೆ ಕಲ್ಲುಬೆಂಚಿನ ಮೇಲೆ ಕೂತ ಚಿಕ್ಕವೆಂಕಟಮ್ಮನ ಸೀರೆ ಅಂಟಿಕೊಂಡು, ಏಳುವಾಗ ಚರ್ರೆಂದಿತು. ಮರುದಿನದಿಂದ ಅವರು ಬರಲಿಲ್ಲ. ಉಳಿದವರೂ ನಿಂತರು. ವೆಂಕಟರಾಮಪ್ಪನವರು ಮರದ ಸುತ್ತಳತೆಯನ್ನು ತೋಳಿನಲ್ಲಿ ಅಳೆದು, ಮರ ಕೊಯ್ಯುವ ಕೋನಪ್ಪನಿಗೆ ಫೋನಿನಲ್ಲಿ ಹೇಳಿದ್ದು ಗೇಟಿನ ಒಳಗಿದ್ದವರಿಗೆ ಕೇಳಿಸಿತು.

ಸಂಘಮಿತ್ರ ಸಂಜೆ ಬಸ್ಸಿಳಿದವಳು ಚೀಲವನ್ನೂ ಇಳಿಸದೆ ಮರದ ಮುಂದೆ ನಿಂತಳು. ಲೆಕ್ಕ ಎಲ್ಲಿ ತಪ್ಪಿತು? ಸಕ್ಕರೆ ಇಲ್ಲದಿದ್ದರೆ ಇರುವೆ ಹೋಗಬೇಕಿತ್ತು.

"ಎಲ್ಲಿಗೆ ಹೋಗ್ತವೆ?" ಎಂದಳು ಪೆದ್ದಮ್ಮ ಗೇಟಿನ ಮೇಲೆ ಕೈಯಿಟ್ಟು. ಅವಳ ದನಿಯಲ್ಲಿ ಕೋಪವಿತ್ತು. "ಕೆಳಗಡೆ ಊಟ ನಿಲ್ಲಿಸ್ದೆ. ಮೇಲ್ಗಡೆ ಹೋಟ್ಲಿದೆ, ಅಲ್ಲಿಗೆ ಹೋದ್ವು. ಅವುಕ್ಕೇನು ಉಪವಾಸ ಬಿದ್ದು ಸಾಯೋ ಖಯಾಲಿನಾ?"

ಅವಳು ಬೈಯಲೆಂದೇ ಅಂದದ್ದು. ಆದರೆ ಸಂಘಮಿತ್ರ ತಾಯಿಯನ್ನೂ ಇರುವೆಯ ಸಾಲುಗಳನ್ನೂ ಒಂದೆರಡು ಸಲ ನೋಡಿ, "ಡಬ್ಬದಲ್ಲಿ ಸಕ್ಕರೆ ಎಷ್ಟಿದೆ?" ಎಂದು ಕೇಳಿದಳು.

ಮರದಿಂದ ಒಂದಷ್ಟು ದೂರದಲ್ಲಿ, ಕಾಂಪೌಂಡಿನ ಮೂಲೆಯಲ್ಲಿ ಒಂದು ಹೆಂಚಿನ ಚೂರಿಟ್ಟು ಸಕ್ಕರೆ ನೀರು ನೆನೆಸಿದ ಬಟ್ಟೆ ಹಾಸಿದರು. ಮೊದಲ ದಿನ ಬುಡದಿಂದ ಅಲ್ಲಿಯವರೆಗೂ ದಾರಿ ತೋರಿಸಲು ಸಕ್ಕರೆಯನ್ನು ಗೆರೆಯಂತೆ ಉದುರಿಸಿದಳು ಪೆದ್ದಮ್ಮ. ರಂಗೋಲಿ ಹಾಕುವ ಕೈ, ಗೆರೆ ನೆಟ್ಟಗೆ ಬಂತು. ಇರುವೆಗಳು ಇಳಿದು ಬಂದ ಮೇಲೆ ಸಂಘಮಿತ್ರ ಕಾಂಡದ ಸುತ್ತ ಹಳೇ ಬಟ್ಟೆಯ ಪಟ್ಟಿ ಕಟ್ಟಿ, ಗ್ಯಾರೇಜಿನಿಂದ ತಂದ ಗ್ರೀಸ್ ಬಳಿದಳು. ಕೇಬಲ್ ತಂತಿಗೆ ತಾಗಿದ್ದ ಕೊಂಬೆಗಳನ್ನೂ ಬೋಳಿಸಿದಳು, ಇರುವೆಗೆ ಅದೊಂದು ಸೇತುವೆಯಾಗಿತ್ತು. ಉಳಿದದ್ದನ್ನು ಮತ್ತೆ ಸೋಪಿನ ನೀರಿನಲ್ಲಿ ಉಜ್ಜಿದರು. ಮೊಗ್ಗಿದ್ದ ಟೊಂಗೆಗಳೆಲ್ಲ ಕತ್ತರಿಗೆ ಹೋದವು. ಮರ ಮೊಟುಮೊಟಾಗಿ ನಿಂತಿತು, ತಿರುಪತಿಗೆ ಹೋಗಿ ಬಂದವರ ಹಾಗೆ.

ಸಿದ್ಧಾರ್ಥ್ ಬಂದವನು ಮೊದಲು ನೋಡಿದ್ದು ಕಾಂಪೌಂಡಿನ ಮೂಲೆಯನ್ನೇ.

"ಏನಮ್ಮ ಇದು? ಹಳೇ ಶನಿ ಪೂಜೆ ಮತ್ತೆ ಶುರುವಾಯ್ತಾ?"

"ಶನಿ ಗಿನಿ ಏನಿಲ್ಲ ಕಣೋ," ಎಂದಳು ಸಂಘಮಿತ್ರ. "ಕೀಟ ನಿಯಂತ್ರಣ. ಇರುವೆ ಇಲ್ಲಿ ತಿಂತಾ ಇದ್ರೆ ಮೇಲಿನ ಹುಳಕ್ಕೆ ಕಾವಲು ಇರಲ್ಲ. ಗುಲಗಂಜಿ ಹುಳ ಬಂದು ತಿಂದು ಹಾಕ್ತವೆ."

ಅವನು ಕುಂಟುತ್ತ ಹೋಗಿ ಬಗ್ಗಿ ನೋಡಿದ. "ಸಕ್ಕರೆ ಸರಿ. ಇವತ್ತು ಶನಿವಾರ, ರವೆ ಯಾಕಿದೆ?"

ಸಂಘಮಿತ್ರ ತಾಯಿಯ ಕಡೆ ತಿರುಗಿದಳು.

"ವಾರಕ್ಕೊಂದಿನ ಹಬ್ಬದೂಟ ಬೇಡ್ವೇನಪ್ಪ ಅವುಕ್ಕೆ?" ಎಂದಳು ಪೆದ್ದಮ್ಮ.

ಸಿದ್ಧಾರ್ಥ್ ಇಬ್ಬರ ಮುಖವನ್ನೂ ನೋಡಿದ. "ಹುಷಾರು, ಆಮೇಲೆ ಶನಿಗೂ ಒಂದು ಎಲೆ ಹಾಕಿಬಿಟ್ಟೀಯ," ಎಂದು ಗೊಣಗಿ ಕೈಕಾಲು ತೊಳೆಯಲು ಒಳಗೆ ಹೋದ.

ಯುಗಾದಿಯ ಮರುದಿನ ವೆಂಕಟರಾಮಪ್ಪನವರು ಕೋನಪ್ಪನನ್ನು ಜೊತೆಯಲ್ಲಿ ಕರೆದುಕೊಂಡೇ ಬಂದರು. ಹಿಂದಿನ ರಾತ್ರಿಯಿಂದ ಕಾರು ಮರದ ಕೆಳಗೆ ನಿಂತಿತ್ತು. ಬಾನೆಟ್ಟಿನ ಮೇಲೆ ಬೆರಳೊತ್ತಿದರು. ಇನ್ನೊಂದು ಕಡೆ ಒತ್ತಿದರು. ಗಾಜಿನ ಮೇಲೆ ಅಂಗೈ ಎಳೆದರು. ಬರೀ ಧೂಳು.

"ಯಾವ ಔಷಧಿ ಹೊಡೆದೆಯಮ್ಮ? ಸುಳ್ಳು ಹೇಳಬೇಡ, ಮನೇಲಿ ಹುಳ ಹಣ್ಣಾಗಿ ಗೂಡು ಕಟ್ಟೋ ಟೈಮು."

"ಸೋಪು ಸಾರ್. ಬಟ್ಟೆ ಸೋಪು."

ಟೊಂಗೆಯ ಮೇಲೆ ಮೂರು ಗುಲಗಂಜಿ ಹುಳಗಳಿದ್ದವು. ಅವನ್ನು ತೋರಿಸಿದಳು. ಅವರು ಅವನ್ನು ಅನುಮಾನದಿಂದ ನೋಡಿ, "ಇವು ಹಿಪ್ಪುನೇರಳೆ ಸೊಪ್ಪು ತಿಂತಾವಾ?" ಎಂದರು. ಇಲ್ಲ ಎಂದಳು. ಕೋನಪ್ಪ ಬಂದ ದಾರಿಯ ಖರ್ಚು ಯಾರು ಕೊಡುತ್ತಾರೆಂದು ಕೇಳುತ್ತ ಅವರ ಹಿಂದೆಯೇ ಹೋದ.

ಮರ ಉಳಿಯಿತು. ಆದರೆ ಹೂವಿರಲಿಲ್ಲ, ಈ ಬೇಸಿಗೆಗೆ ಬರುವಂತೆಯೂ ಇರಲಿಲ್ಲ. ಪೆದ್ದಮ್ಮ ನಾಲ್ಕು ಗಂಟೆಗೆ ತಲೆ ಬಾಚಿಕೊಂಡು ಕೂರುತ್ತಿದ್ದಳು. ಕಲ್ಲುಬೆಂಚನ್ನು ತಿಕ್ಕಿ ತೊಳೆದಾಗಿತ್ತು. ಹೆಂಗಸರು ರಸ್ತೆಯಲ್ಲಿ ಹೋಗುತ್ತ ಬೋಳು ಮರವನ್ನು ನೋಡಿ, ನಕ್ಕು, ಮುಂದೆ ಹೋಗುತ್ತಿದ್ದರು. ಮರವನ್ನು ಉಳಿಸಲು ಅದನ್ನು ಬೋಳಿಸಿದ್ದು ತಾನೇ ಎಂದು ಸಂಘಮಿತ್ರ ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಅವಳು ಮನೆಯಲ್ಲಿದ್ದಾಗ ಗೇಟು ಕಿರುಗುಟ್ಟಿತು. ಚಿಕ್ಕವೆಂಕಟಮ್ಮ ಕೈಯಲ್ಲಿ ಒಂದು ಪೇಪರ್ ಪೊಟ್ಟಣ ಹಿಡಿದು ನಿಂತಿದ್ದರು.

"ಪೆದ್ದಮ್ಮ, ನಿಮ್ಮ ಚೀಮಲು ಎಲ್ಲಿ?"

ಇರುವೆಗೆ ಅವರು ತೆಲುಗಿನಲ್ಲೇ ಹೇಳುವುದು. ಪೆದ್ದಮ್ಮ ಕಾಂಪೌಂಡಿನ ಮೂಲೆ ತೋರಿಸಿದಳು.

"ಮೊಮ್ಮಗಳು ಭಾನುಪ್ರಿಯಾಗೆ ಮೈ ಹುಷಾರೇ ಇಲ್ಲ ಕಣಮ್ಮ. ಎಂಟು ಶನಿವಾರ ರವೆ ಸಕ್ಕರೆ ಹಾಕಬೇಕಂತೆ. ನಮ್ಮನೇಲಿ ಹೆಂಗ್ ಹಾಕಲಿ? ಹುಳದ ಮನೆ. ಇರುವೆ ಒಳಗೆ ಬಂದ್ರೆ ರೇಷ್ಮೆಹುಳ ಹೊತ್ಕೊಂಡು ಹೋಗ್ತವೆ. ಹುಳದ ತಟ್ಟೆ ಇಡೋ ಸ್ಟ್ಯಾಂಡ್ ಕಾಲಿಗೆಲ್ಲ ನೀರಿನ ಬಟ್ಲು ಇಟ್ಟಿದೀವಿ. ನಮ್ಮೆಜಮಾನ್ರು ಇರುವೆ ಕಂಡ್ರೆ ಕೊಲೆ ಮಾಡ್ತಾರೆ."

"ಹಾಕು ಬಾ ಅಕ್ಕ. ಅವು ನಿಂಗೆ ಹಳೇ ಪರಿಚಯದವೇ."

ಚಿಕ್ಕವೆಂಕಟಮ್ಮ ಬಗ್ಗಿ ಪೊಟ್ಟಣ ಬಿಚ್ಚಿ ಸುರಿದರು. ತುಪ್ಪ ಬೆರೆಸಿದ ರವೆ ಬೆರಳಿಗೆಲ್ಲ ಮೆತ್ತಿತು. "ಒಂದು ಚೊಂಬು ನೀರು ಕೊಡಮ್ಮ."

ಈ ಗೇಟಿನ ಬಳಿ ಆ ಮಾತನ್ನು ಯಾರೂ ಆಡಿರಲಿಲ್ಲ. ಪೆದ್ದಮ್ಮ ಒಳಗೆ ಹೋಗಿ ಸ್ಟೀಲಿನ ಚೊಂಬನ್ನು ಉಜ್ಜಿ, ತುಂಬಿಸಿ ತಂದಳು. ಬಾಗಿಲಲ್ಲಿದ್ದ ಸಂಘಮಿತ್ರಳಿಗೆ ತಾಯಿಯ ಕೈ ಕಾಣಿಸಿತು, ನೀರು ತುಳುಕದಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು. ಚಿಕ್ಕವೆಂಕಟಮ್ಮ ಕೈ ತೊಳೆದುಕೊಂಡರು. ಚೊಂಬಿನಲ್ಲಿ ಅರ್ಧ ಉಳಿದಿತ್ತು. ಬಿಸಿಲು ಸುಡುತ್ತಿತ್ತು, ಅವರ ಕತ್ತು ಬೆವರಿತ್ತು. ಚೊಂಬು ಹಿಡಿದು ಒಂದು ಗಳಿಗೆ ನಿಂತರು. ಆಮೇಲೆ ಉಳಿದ ನೀರನ್ನು ಸಂಪಿಗೆಯ ಬುಡಕ್ಕೆ ಸುರಿದು ಚೊಂಬು ವಾಪಸು ಕೊಟ್ಟರು.

"ಮರಕ್ಕೂ ಬೇಕಾಗಿತ್ತು ಬಿಡು," ಎಂದಳು ಪೆದ್ದಮ್ಮ.

ಚಿಕ್ಕವೆಂಕಟಮ್ಮ ಬೆಂಚನ್ನು ಒಮ್ಮೆ ಮುಟ್ಟಿ ನೋಡಿದರು. ಅಂಟಿಲ್ಲವೆಂದು ಖಾತ್ರಿಯಾದ ಮೇಲೆ ಕೂತರು. ಮೊಮ್ಮಗಳ ಜ್ವರ, ಸೊಸೆಯ ಸೋಮಾರಿತನ, ರೇಷ್ಮೆ ಗೂಡಿನ ರೇಟು ಎಂದು ಮಾತು ಬೆಳೆಯಿತು. ನೆರಳು ಅಷ್ಟಿರಲಿಲ್ಲ. ಹೊಸ ಚಿಗುರು ಈಗ ತಾನೆ ಬಂದಿತ್ತು, ಎಲೆಗಳು ಹಸಿರಾಗಿದ್ದವು. ಹೊರಡುವಾಗ ಅವರು, "ಇನ್ನೂ ಏಳು ವಾರ ಇದೆ ಕಣಮ್ಮ," ಎಂದರು.

ಪೆದ್ದಮ್ಮ ಗೇಟು ಹಾಕಲಿಲ್ಲ. ಚೊಂಬನ್ನು ತೊಳೆದು, ಒಳಗೆ ಅಡುಗೆಮನೆಗೆ ಒಯ್ಯದೆ, ಬಾಗಿಲ ಪಕ್ಕದ ಗೂಡಿನಲ್ಲಿ ಕೈಗೆ ಸಿಗುವಂತೆ ಇಟ್ಟಳು.